ಚುಕ್ಕಿಯಲ್ಲಿ ಮೂಡಿದ ಮುಖ

ಚಿತ್ರವನ್ನು ಕುರಿತು ಆಕಾಶವಾಣಿಯಲ್ಲಿ ಮಾತನಾಡುವುದು ಸ್ವಲ್ಪ ವಿಚಿತ್ರವಾದ ಕೆಲಸ. ತೋರಿಸೋಣವೆಂದರೆ ನನ್ನ ಕೈಯಲ್ಲಿ ಚಿತ್ರವಿಲ್ಲ. ಇದ್ದರೂ ನೋಡಲು ನೀವು ಇಲ್ಲಿಲ್ಲ. ಆದರೆ ಮೈಸೂರಿನ ಕೇಳುಗರಿಗೆ ಒಂದು ಚಿತ್ರದ ಹೆಸರನ್ನು ಹೇಳಿದರೆ ಸಾಕು, ಅದು ಕಣ್ಣಿಗೆ ಕಟ್ಟುತ್ತದೆಂಬ ಧೈರ್ಯ ನನಗಿದೆ. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿರುವ ದೀಪ ಹಿಡಿದ ಹೆಂಗಸಿನ ಚಿತ್ರ ಅದು. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ. ಬಹಳ ಮಂದಿ ಅದನ್ನು ರವಿವರ್ಮನ ಕೃತಿಯೆಂದೇ ತಿಳಿದಿದ್ದಾರೆ. ಅದನ್ನು ಬರೆದವರು ಮಹಾರಾಷ್ಟ್ರದ ಎಸ್. ಎಲ್. ಹಳದಣಕರ್ ಅವರು, ಅದು ತೈಲಚಿತ್ರವೂ ಅಲ್ಲ, ನೀರುಬಣ್ಣದ ಚಿತ್ರ.

ಆ ಚಿತ್ರದ ಮುಂದೆ ನಿಂತವರು ಒಂದು ಸಂಗತಿಯನ್ನು ಗಮನಿಸಿರಬಹುದು. ದೀಪದ ಬೆಳಕು ಬೆರಳುಗಳ ಸಂದಿಯಲ್ಲಿ ಕೆಂಪಾಗಿ ತೂರಿ, ಗಲ್ಲವನ್ನು ಮುಟ್ಟಿ, ಹಣೆಗೆ ಏರಿ, ಸೀರೆಯ ಮಡಿಕೆಗಳಲ್ಲಿ ಇಳಿದು ಕತ್ತಲೆಯಲ್ಲಿ ಕರಗಿಹೋಗುತ್ತದೆ. ಎಲ್ಲಿ ಕರಗಿತು? ಇಲ್ಲಿಗೆ ಬೆಳಕು ಮುಗಿಯಿತು, ಇಲ್ಲಿಂದ ನೆರಳು ಮೊದಲಾಯಿತು ಎಂದು ಬೆರಳಿಟ್ಟು ತೋರಿಸುವಂತಹ ಗೆರೆ ಅಲ್ಲಿ ಎಲ್ಲಿಯೂ ಇಲ್ಲ. ಮುಂಜಾವು ಹಗಲಾಗುವ ಹಾಗೆ, ಒಂದು ಛಾಯೆ ಮತ್ತೊಂದರೊಳಗೆ ನಡೆದುಹೋಗುತ್ತದೆ. ಇದನ್ನು ಎಡೆಬಿಡದ ಛಾಯೆ ಎಂದು ಕರೆಯೋಣ. ನಮ್ಮ ಮನೆಗಳ ಗೋಡೆಯ ಮೇಲಿರುವ ಹಳೆಯ ಕಪ್ಪುಬಿಳುಪು ಭಾವಚಿತ್ರಗಳಲ್ಲಿಯೂ ಇರುವುದು ಇದೇ.

ಇನ್ನು ಅಚ್ಚುಕೂಟಕ್ಕೆ ಬನ್ನಿ. ಅಚ್ಚಿನ ಯಂತ್ರಕ್ಕೆ ಬರುವುದು ಎರಡೇ ಮಾತು: ಮಸಿ ಉಂಟು, ಮಸಿ ಇಲ್ಲ. ಕಾಗದದ ಒಂದು ಎಡೆಗೆ ಮಸಿ ತಗುಲಿದರೆ ಅದು ಪೂರ್ತಿ ಕಪ್ಪು; ತಗುಲದಿದ್ದರೆ ಪೂರ್ತಿ ಬಿಳುಪು. ‘ಇಲ್ಲಿ ಸ್ವಲ್ಪ ತೆಳುವಾಗಿ, ಅಲ್ಲಿ ಇನ್ನೂ ಸ್ವಲ್ಪ ತೆಳುವಾಗಿ’ ಎಂದು ಚಿತ್ರಕಾರ ತನ್ನ ಕುಂಚಕ್ಕೆ ಹೇಳಬಹುದು. ಸಾಮಾನ್ಯವಾದ ಅಚ್ಚಿಗೆ ಹೇಳುವಂತಿಲ್ಲ. ಅಕ್ಷರಕ್ಕೆ ಇದರಿಂದ ತೊಂದರೆಯಿಲ್ಲ. ‘ಅ’ಕಾರದಲ್ಲಿ ಅರೆಗಪ್ಪು ಭಾಗವೆಂಬುದಿಲ್ಲವಷ್ಟೆ. ತೊಂದರೆಯೆಲ್ಲ ಮುಖಕ್ಕೆ. ಉಂಟು ಇಲ್ಲಗಳೆರಡನ್ನೇ ಬಲ್ಲವನ ಬಾಯಿಂದ ಒಂದು ಮುಖದ ವರ್ಣನೆಯನ್ನು ಹೇಳಿಸುವುದು ಹೇಗೆ?

ಇದಕ್ಕೆ ಮನುಷ್ಯ ಕಂಡುಕೊಂಡ ಉಪಾಯ ಚುಕ್ಕಿ. ಬಿಳಿಯ ಅಕ್ಕಿಯ ಮೇಲೆ ಒಂದು ಹಿಡಿ ಕರಿಯೆಳ್ಳನ್ನು ಎರಚಿ, ಮೊರವನ್ನು ಹಜಾರದ ಆ ತುದಿಯಲ್ಲಿಟ್ಟು ಈ ತುದಿಯಿಂದ ನೋಡಿ. ಅಕ್ಕಿಯೂ ಕಾಣುವುದಿಲ್ಲ, ಎಳ್ಳೂ ಕಾಣುವುದಿಲ್ಲ, ಬೂದುಬಣ್ಣ ಕಾಣುತ್ತದೆ. ಎಳ್ಳು ಹೆಚ್ಚಾದರೆ ಬೂದಿ ಕಪ್ಪೇರುತ್ತದೆ, ಕಡಿಮೆಯಾದರೆ ಬೆಳ್ಳಗಾಗುತ್ತದೆ. ಅಚ್ಚಿನಲ್ಲಿಯೂ ಇಷ್ಟೇ. ಚಿತ್ರವನ್ನು ಸಮ ಅಂತರದಲ್ಲಿ ಸಾಲುಗಟ್ಟಿದ ಸಾವಿರಾರು ಚುಕ್ಕಿಗಳಾಗಿ ಒಡೆಯುತ್ತಾರೆ. ಮಸಿ ಎಲ್ಲ ಚುಕ್ಕಿಗೂ ಒಂದೇ, ಅಷ್ಟೇ ಕಪ್ಪು. ಬದಲಾಗುವುದು ಚುಕ್ಕಿಯ ಗಾತ್ರ. ಬೆಳಕಿರುವ ಕಡೆ ಸಾಸಿವೆಗಿಂತಲೂ ಎಷ್ಟೋ ಸಣ್ಣ ಚುಕ್ಕಿ. ನೆರಳು ಬಂದಂತೆಲ್ಲ ಅದು ಹಿಗ್ಗುತ್ತದೆ. ಕತ್ತಲೆಯಲ್ಲಿ ಒಂದನ್ನೊಂದು ಮುಟ್ಟಿ ಬೆಸೆದು, ನಡುವೆ ಬಿಳಿಯ ಕಂಡಿಗಳಷ್ಟೇ ಉಳಿಯುತ್ತವೆ. ಇದಕ್ಕೆ ಹಾಫ್‌ಟೋನ್ ಎಂದು ಹೆಸರು. ಇಂದಿನ ದಿನಪತ್ರಿಕೆಯ ಚಿತ್ರವೊಂದನ್ನು ಭೂತಗನ್ನಡಿಯಲ್ಲಿ ನೋಡಿದರೆ ನಾನು ಹೇಳಿದ್ದು ನಿಮಗೇ ಕಾಣುತ್ತದೆ.

ಕಾಣುವುದು ಕಣ್ಣಿಗೋ ಮನಸ್ಸಿಗೋ ಎಂಬುದು ಬೇರೆಯ ಪ್ರಶ್ನೆ. ೧೯೩೫ರಲ್ಲಿ ಈ ಊರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಹೂಡಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು ಎಂಬುದು ಈ ಸಂದರ್ಭದಲ್ಲಿ ನನಗೆ ನೆನಪಾಗುತ್ತದೆ. ಕಣ್ಣಿಗೆ ಒಂದು ಮಿತಿಯಿದೆ. ಓದುವ ಪುಸ್ತಕವನ್ನು ಹಿಡಿಯುವಷ್ಟು ದೂರದಲ್ಲಿ, ಅಂದರೆ ಸುಮಾರು ಒಂದು ಅಡಿಯಲ್ಲಿ, ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಹತ್ತಿರವಾದ ಎರಡು ಚುಕ್ಕಿಗಳನ್ನು ಸಾಮಾನ್ಯರ ಕಣ್ಣು ಬೇರೆ ಬೇರೆಯಾಗಿ ಕಾಣಲಾರದು. ದೂರ ಹೆಚ್ಚಿದಷ್ಟೂ ಈ ಮಿತಿ ಸಡಿಲವಾಗುತ್ತದೆ. ಬೇರ್ಪಡಿಸಲಾರದ್ದನ್ನು ಮನಸ್ಸು ಕೂಡಿಸಿಕೊಳ್ಳುತ್ತದೆ. ಅಚ್ಚುಕೂಟ ಅರ್ಧ ಚಿತ್ರವನ್ನು ಮಾಡುತ್ತದೆ, ಉಳಿದರ್ಧವನ್ನು ನೋಡುವವನು ಮಾಡಿಕೊಳ್ಳುತ್ತಾನೆ.

ಈ ಉಪಾಯದ ಮೂಲದಲ್ಲಿ ಒಂದು ತುಂಡು ಬಟ್ಟೆಯಿದೆ. ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ ಎಂಬಾತ ೧೮೫೨ರಲ್ಲಿ, ತೆಳುವಾದ ಜಾಳಿಗೆ ಬಟ್ಟೆಯನ್ನು ನಡುವೆ ಹಿಡಿದು ಬೆಳಕನ್ನು ಹಾಯಿಸಿದರೆ ಛಾಯೆಗಳು ಒಡೆದು ಅಚ್ಚಿಗೆ ಒಗ್ಗುತ್ತವೆಂದು ಕಂಡು ಹಕ್ಕುಪತ್ರ ಪಡೆದ. ೧೮೮೦ರ ಮಾರ್ಚ್ ೪ರಂದು ನ್ಯೂಯಾರ್ಕಿನ ‘ಡೈಲಿ ಗ್ರಾಫಿಕ್’ ಪತ್ರಿಕೆ ಒಂದು ಛಾಯಾಚಿತ್ರವನ್ನು ಹೀಗೆ ಒಡೆದು ಅಚ್ಚುಮಾಡಿತು. ೧೮೮೨ರಲ್ಲಿ ಜರ್ಮನಿಯ ಮೈಸೆನ್‌ಬಾಖ್ ತನ್ನ ವಿಧಾನವನ್ನು ನೋಂದಾಯಿಸಿದ. ಮುಂದಿನ ದಶಕದಲ್ಲಿ ಅಮೆರಿಕದ ಲೆವಿ ಸಹೋದರರು ಗಾಜಿನ ಮೇಲೆ ಅಡ್ಡ ಉದ್ದ ಗೆರೆಗಳನ್ನು ಕೊರೆದು, ಅವುಗಳಲ್ಲಿ ಕಪ್ಪು ತುಂಬಿ, ಕರಾರುವಾಕ್ಕಾದ ಜಾಲರಿಗಳನ್ನು ಮಾಡಿ ಮಾರತೊಡಗಿದ ಮೇಲೆ ಬಟ್ಟೆಯ ಕಾಲ ಮುಗಿಯಿತು.

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಆಳವಾಗಿ ವಿಚಾರ ಮಾಡಿದವರು ಕಲ್ಕತ್ತೆಯ ಉಪೇಂದ್ರಕಿಶೋರ ರಾಯ್, ಸತ್ಯಜಿತ್ ರಾಯ್ ಅವರ ಅಜ್ಜ. ತಾವು ಮಕ್ಕಳಿಗಾಗಿ ಬರೆದ ರಾಮಾಯಣದ ಚಿತ್ರಗಳು ಮರದ ಅಚ್ಚಿನಲ್ಲಿ ಕೆಟ್ಟುಹೋದುದನ್ನು ಕಂಡು ನೊಂದು, ಅವರು ವಿಲಾಯಿತಿಯಿಂದ ಸಲಕರಣೆಗಳನ್ನು ತರಿಸಿ, ೧೮೯೫ರಲ್ಲಿ ತಮ್ಮದೇ ಉದ್ಯಮವನ್ನು ತೆರೆದರು. ಚುಕ್ಕಿಯ ಗಣಿತ, ಜಾಲರಿಯ ಕೋನ ಇವುಗಳ ಮೇಲೆ ಅವರು ಬರೆದ ಲೇಖನಗಳನ್ನು ೧೮೯೭ರಿಂದ ಮೊದಲಾಗಿ ಲಂಡನ್ನಿನ ಪೆನ್‌ರೋಸ್ ವಾರ್ಷಿಕ ಸಂಚಿಕೆ ಪ್ರಕಟಿಸಿತು. ಅದೇ ಕಾಲದಲ್ಲಿ ರವಿವರ್ಮ ಹಿಡಿದ ದಾರಿ ಬೇರೆ. ೧೮೯೪ರಲ್ಲಿ ಮುಂಬಯಿಯಲ್ಲಿ ಆರಂಭವಾದ ಅವನ ಮುದ್ರಣಾಲಯದಲ್ಲಿ ಕುಶಲಿಗಳು ಕಲ್ಲಿನ ಮೇಲೆ ಕೈಯಿಂದಲೇ ಚುಕ್ಕಿಯಿಟ್ಟು ಛಾಯೆಯನ್ನು ತರುತ್ತಿದ್ದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ನಮ್ಮ ಅಜ್ಜಿಯರು ಪೂಜಿಸಿದ ಲಕ್ಷ್ಮಿ ಸರಸ್ವತಿಯರು ಹಾಗೆ ಬಂದವರು.

ಕನ್ನಡ ಪುಸ್ತಕಲೋಕದಲ್ಲಿ ಈ ವಿದ್ಯೆಗೆ ಇದ್ದ ಹೆಸರು ‘ಬ್ಲಾಕು.’ ಸತುವಿನ ಇಲ್ಲವೆ ತಾಮ್ರದ ತಗಡಿನ ಮೇಲೆ ಚುಕ್ಕಿಗಳನ್ನು ಕೊರೆಸಿ ಮರದ ತುಂಡಿಗೆ ಜಡಿದರೆ ಬ್ಲಾಕು. ಅದರ ವೆಚ್ಚಕ್ಕೆ ಅಂಜಿ ಎಷ್ಟು ಲೇಖಕರು ಚಿತ್ರದ ಆಸೆಯನ್ನು ಬಿಟ್ಟರೋ! ಹಳೆಯ ಅಭಿನಂದನ ಗ್ರಂಥಗಳಲ್ಲಿ ಒಂದೇ ಒಂದು ಹಾಳೆ ನುಣುಪಾದ ಆರ್ಟ್ ಕಾಗದದ್ದಿದ್ದು, ಅದರ ಮೇಲೆ ಗ್ರಂಥನಾಯಕರ ಭಾವಚಿತ್ರವಿರುವುದನ್ನು ನೀವು ಕಂಡಿರುತ್ತೀರಿ. ಸಣ್ಣ ಚುಕ್ಕಿಗೆ ನುಣುಪು ಕಾಗದವೇ ಬೇಕು. ಒರಟು ಕಾಗದದ ಪತ್ರಿಕೆಗೆ ಅಂಗುಲಕ್ಕೆ ಅರವತ್ತೈದರಿಂದ ಎಂಬತ್ತೈದು ಸಾಲು ಚುಕ್ಕಿಯಾದರೆ, ಆರ್ಟ್ ಕಾಗದಕ್ಕೆ ನೂರ ಮೂವತ್ಮೂರು, ನೂರೈವತ್ತು ಸಾಲು.

ಬ್ಲಾಕಿನ ಹಣವಿಲ್ಲದವರಿಗೆ ಒದಗಿದ್ದು ಸ್ಕ್ರೀನ್ ಪ್ರಿಂಟಿಂಗ್. ಲಗ್ನಪತ್ರಿಕೆ, ಅಂಗಡಿಯ ಚೀಲ, ವಾಹನದ ಮೇಲಿನ ಅಂಟುಚೀಟಿ ಎಂದು ನಾವು ದಿನವೂ ಮುಟ್ಟುವ ವಿದ್ಯೆ ಇದು. ಇದರ ತತ್ತ್ವ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಿರುವುದೇ. ತೂತು ಕೊರೆದ ತಗಡಿನ ರಂಗೋಲಿ ಅಚ್ಚನ್ನು ನೆಲದ ಮೇಲಿಟ್ಟು, ಪುಡಿ ಹಾಕಿ ಕೈಯಾಡಿಸಿದರೆ ತೂತಿದ್ದಲ್ಲಿ ಮಾತ್ರ ಪುಡಿ ಇಳಿದು ಹೂವು ಮೂಡುತ್ತದೆಯಷ್ಟೆ? ಇಲ್ಲಿ ತಗಡಿಗೆ ಬದಲು ಮರದ ಚೌಕಟ್ಟಿಗೆ ಬಿಗಿದ ತೆಳು ಬಟ್ಟೆ. ಪುಡಿಗೆ ಬದಲು ಗಟ್ಟಿ ಬಣ್ಣ. ಕೈಗೆ ಬದಲು ರಬ್ಬರಿನ ಅಂಚಿರುವ ಸ್ಕ್ವೀಜಿ. ಹಿಂದೆ ಆ ಬಟ್ಟೆ ಗಿರಣಿಗಳಲ್ಲಿ ಹಿಟ್ಟು ಜರಡಿಯಾಡುತ್ತಿದ್ದ ರೇಷ್ಮೆ. ಮ್ಯಾಂಚೆಸ್ಟರಿನ ಸ್ಯಾಮ್ಯುಯಲ್ ಸೈಮನ್ ೧೯೦೭ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದ. ರೇಷ್ಮೆ ಹೋಗಿ ನೈಲಾನ್, ಪಾಲಿಯೆಸ್ಟರ್ ಬಂದ ಮೇಲೂ ‘ಸಿಲ್ಕ್ ಸ್ಕ್ರೀನ್’ ಎಂಬ ಹೆಸರು ಬಹುಕಾಲ ಉಳಿಯಿತು. ರೇಷ್ಮೆಯ ಊರಿನವರಾದ ನಮಗೆ ಅದು ಹಿತವಾಗಿಯೇ ಕೇಳುತ್ತಿತ್ತು.

ಬಟ್ಟೆಯ ಮೇಲೆ ಬೆಳಕಿಗೆ ಗಟ್ಟಿಯಾಗುವ ಅಂಟನ್ನು ಬಳಿದು ಕತ್ತಲೆಯಲ್ಲಿ ಒಣಗಿಸುತ್ತಾರೆ. ಪಾರದರ್ಶಕ ಫಿಲ್ಮಿನ ಮೇಲೆ ಕಪ್ಪು ಚುಕ್ಕಿಗಳಾಗಿರುವ ಚಿತ್ರವನ್ನು ಅದಕ್ಕೆ ಒತ್ತಿಟ್ಟು ಬಿಸಿಲಿಗೆ ಹಿಡಿಯುತ್ತಾರೆ. ಕಪ್ಪು ಚುಕ್ಕಿಯ ಕೆಳಗೆ ಬೆಳಕು ತಾಗದ ಅಂಟು ಮೆದುವಾಗಿಯೇ ಉಳಿದು, ನೀರಿನಲ್ಲಿ ತೊಳೆದಾಗ ಹರಿದುಹೋಗುತ್ತದೆ. ಉಳಿದದ್ದು ಗಟ್ಟಿಯಾಗಿ ಬಟ್ಟೆಯ ಕಣ್ಣುಗಳನ್ನು ಮುಚ್ಚುತ್ತದೆ. ಹೀಗೆ ಚುಕ್ಕಿಯಿದ್ದಲ್ಲಿ ಕಿಂಡಿ, ಕಿಂಡಿಯಿದ್ದಲ್ಲಿ ಬಣ್ಣ.

ಕೇಳಲು ಸುಲಭ. ಕಷ್ಟವೇನೆಂಬುದನ್ನು ನಾನು ಕಲಿತದ್ದು ೧೯೮೬ರ ಮಳೆಗಾಲದಲ್ಲಿ.

ಅದರ ಹಿಂದಿನ ವರ್ಷ ನನ್ನ ತಾಯಿ ತೀರಿಕೊಂಡಿದ್ದರು. ಅವರಿಗೆ ಓದು ಅಷ್ಟಕ್ಕಷ್ಟೆ. ಆದರೆ ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಸುವ ಹಾಡು ನೂರಾರು ಬಾಯಲ್ಲಿದ್ದವು. ನನ್ನ ಅಕ್ಕ ಅವನ್ನು ಬರೆದಿಟ್ಟುಕೊಂಡಿದ್ದಳು. ವರ್ಷಾಬ್ದಿಕದ ಹೊತ್ತಿಗೆ ಆ ಹಾಡುಗಳನ್ನು ಪುಸ್ತಕವಾಗಿ ಮಾಡಿ ನಂಟರಿಷ್ಟರಿಗೆ ಹಂಚುವುದೆಂದಾಯಿತು. ಮುನ್ನೂರು ಪ್ರತಿ. ರಕ್ಷಾಪತ್ರದ ಮೇಲೆ ಅಮ್ಮನ ಚಿತ್ರ. ಮೇಷ್ಟರ ಸಂಬಳದಲ್ಲಿ ಬ್ಲಾಕಿನ ಮಾತೆತ್ತುವಂತಿರಲಿಲ್ಲ.

ಅಮ್ಮನದೆಂದು ಇದ್ದದ್ದು ಒಂದೇ ಭಾವಚಿತ್ರ. ಕಿಟಕಿಯ ಪಕ್ಕದಲ್ಲಿ ಕುಳಿತದ್ದು; ಮುಖದ ಅರ್ಧಕ್ಕೆ ಬೆಳಕು, ಅರ್ಧಕ್ಕೆ ನೆರಳು. ಅವರಿಗೆ ಎಳವೆಯಲ್ಲಿ ಸಿಡುಬಾಗಿತ್ತು. ಎರಡೂ ಕೆನ್ನೆಯ ಮೇಲೆ ಅದರ ಕಲೆಗಳಿದ್ದವು. ಆ ಕಾಲದ ಸ್ಟುಡಿಯೋಗಳಲ್ಲಿ ಇಂಥವನ್ನು ಪೆನ್ಸಿಲಿನಿಂದ ತಿದ್ದಿ ಅಳಿಸುವ ರೂಢಿಯಿತ್ತು. ಯಾವ ಕಾರಣದಿಂದಲೋ ಈ ಚಿತ್ರದಲ್ಲಿ ಹಾಗೆ ತಿದ್ದಿರಲಿಲ್ಲ. ಕಿಟಕಿಯ ಬೆಳಕು ಓರೆಯಾಗಿ ಬಿದ್ದು ಒಂದೊಂದು ಕಲೆಯೂ ಕಾಣುತ್ತಿತ್ತು.

ಚಿತ್ರವನ್ನು ದೂರದ ಊರಿನ ಒಂದು ಸ್ಟುಡಿಯೋಗೆ ಕಳುಹಿಸಿ ಫಿಲ್ಮು ಮಾಡಿಸಿದೆ. ಮುಖ ಎರಡು ಅಂಗುಲ ಅಗಲ, ಅಂಗುಲಕ್ಕೆ ನೂರು ಸಾಲು ಚುಕ್ಕಿ. ನುಣುಪಾದಷ್ಟೂ ಒಳ್ಳೆಯದೆಂದು ನನ್ನ ಎಣಿಕೆ. ಅದನ್ನು ನಮ್ಮ ಊರಿನ ಒಂದು ಓಣಿಯಲ್ಲಿದ್ದ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗೆ ಕೊಂಡೊಯ್ದು ಕೊಟ್ಟೆ. ಯಜಮಾನರು ನನಗಿಂತ ಹತ್ತು ವರ್ಷ ಹಿರಿಯರು, ಮಾತು ಕಡಿಮೆ. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, “ಇದು ನಮ್ಮ ಜರಡಿಯಲ್ಲಿ ಇಳಿಯೋದಿಲ್ಲ ಮೇಷ್ಟ್ರೇ” ಎಂದರು. ನಾನು ಒತ್ತಾಯ ಮಾಡಿದೆ. “ಆಗಲಿ, ನೀವೇ ನೋಡಿ” ಎಂದು ಒಪ್ಪಿಕೊಂಡರು.

ಎರಡು ದಿನ ಬಿಟ್ಟು ಹೋದರೆ, ಅಮ್ಮನ ಮುಖದ ಮೇಲೆ ಅಲೆಗಳೆದ್ದಿದ್ದವು. ಹಣೆಯಿಂದ ಗಲ್ಲದವರೆಗೆ, ಕೆರೆಯ ನೀರಿಗೆ ಕಲ್ಲು ಬಿದ್ದ ಹಾಗೆ, ಕಪ್ಪು ಬಿಳುಪಿನ ಪಟ್ಟೆಗಳು. ಬೆಳಕಿನ ಕೆನ್ನೆ ಸುಣ್ಣ ಬಳಿದಂತೆ ಬರಿದಾಗಿತ್ತು. ನೆರಳಿನ ಕಣ್ಣು ಮಸಿಯಲ್ಲಿ ಮುಳುಗಿತ್ತು. ನಾನು ಮಾತಾಡದೆ ನಿಂತೆ.

ಯಜಮಾನರು ಸೊಳ್ಳೆಪರದೆಯ ಎರಡು ತುಂಡುಗಳನ್ನು ತೆಗೆದು ಒಂದರ ಮೇಲೊಂದಿಟ್ಟು ಮೆಲ್ಲನೆ ತಿರುಗಿಸಿದರು. ಇಲ್ಲದ ಅಲೆಗಳು ಹುಟ್ಟಿ, ಹರಿದು, ಅಡಗಿದವು. ಕ್ರಮವಾಗಿ ಹೆಣೆದ ಎರಡು ಬಲೆಗಳು ಒಂದರ ಮೇಲೊಂದು ಬಿದ್ದಾಗ ಎರಡರಲ್ಲೂ ಇಲ್ಲದ ಮೂರನೆಯ ವಿನ್ಯಾಸ ಹುಟ್ಟುತ್ತದೆ. ಇದಕ್ಕೆ ಮ್ವಾರೇ ಎಂಬ ಫ್ರೆಂಚ್ ಹೆಸರಿದೆ. ಅಲೆಯಲೆಯಾಗಿ ಮಿಂಚುವ ಒಂದು ಬಗೆಯ ರೇಷ್ಮೆಯ ಹೆಸರು ಅದು. ಬೇರೆ ಮುದ್ರಣಗಳಲ್ಲಿ ಇರುವುದು ಒಂದೇ ಬಲೆ, ಚುಕ್ಕಿಗಳದು. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಬಟ್ಟೆಯ ನೇಯ್ಗೆಯೇ ಎರಡನೆಯ ಬಲೆ. ಯಾವ ಬಟ್ಟೆಯಿಂದ ಈ ವಿದ್ಯೆ ಹುಟ್ಟಿತೋ ಅದೇ ಬಟ್ಟೆ ಇಲ್ಲಿ ಅಡ್ಡಬರುತ್ತದೆ.

ಅವರ ಬಟ್ಟೆಗೆ ಅಂಗುಲಕ್ಕೆ ಇನ್ನೂರು ಎಳೆ. ನನ್ನ ಫಿಲ್ಮಿಗೆ ನೂರು ಸಾಲು. ಅಂದರೆ ಒಂದು ಚುಕ್ಕಿಯ ಪಾಲಿಗೆ ಎರಡೇ ಎಳೆ. ಬೆಳಕಿನ ಭಾಗದ ಪುಟ್ಟ ಕಿಂಡಿಗೆ ಅಡ್ಡಲಾಗಿ ಒಂದು ಎಳೆ ಹಾದರೆ ಕಿಂಡಿ ಮುಚ್ಚಿಹೋಯಿತು, ಬಣ್ಣ ಇಳಿಯಲಿಲ್ಲ. ಕತ್ತಲೆಯ ಭಾಗದಲ್ಲಿ ಇದಕ್ಕೆ ತಿರುಗು. ಅಲ್ಲಿ ಸುತ್ತಲೂ ಕಿಂಡಿ, ನಡುವೆ ಗಟ್ಟಿ ಅಂಟಿನ ಪುಟ್ಟ ದ್ವೀಪ. ಆ ದ್ವೀಪಕ್ಕೆ ಹಿಡಿದುಕೊಳ್ಳಲು ಎಳೆ ಸಿಕ್ಕದಿದ್ದರೆ ತೊಳೆಯುವಾಗ ಅದು ನೀರಿನೊಡನೆ ಹೋಯಿತು. ಬಿಳುಪು ಇರಬೇಕಾದಲ್ಲಿ ಮಸಿ ತುಂಬಿತು. ಆದುದರಿಂದ ಒಂದು ಚುಕ್ಕಿಗೆ ನಾಲ್ಕೈದು ಎಳೆಯಾದರೂ ಬೇಕೆಂಬುದು ಈ ಕೆಲಸದವರ ನಿಯಮ. ಇನ್ನೂರು ಎಳೆಗೆ ನಲವತ್ತು ಸಾಲು. ಚುಕ್ಕಿಯ ಸಾಲು ಎಳೆಗೆ ಸಮನಾಗಿಯೂ ಇರಬಾರದು, ನಲವತ್ತೈದು ಡಿಗ್ರಿಯ ಮೂಲೆಗೂ ಬರಬಾರದು. ಇಪ್ಪತ್ತೆರಡೂವರೆ ಡಿಗ್ರಿ ವಾಲಿಸಿದರೆ ಅಲೆ ಏಳುವುದು ಕಡಿಮೆ. ಬಣ್ಣವೂ ತಾನು ಬಿದ್ದಲ್ಲಿಯೇ ನಿಲ್ಲುವುದಿಲ್ಲ. ಚುಕ್ಕಿ ಕಾಗದದ ಮೇಲೆ ಹರಡಿಕೊಳ್ಳುತ್ತದೆ. ಫಿಲ್ಮಿನಲ್ಲಿ ನೂರಕ್ಕೆ ಐವತ್ತು ಪಾಲು ಇದ್ದದ್ದು ಅಚ್ಚಿನಲ್ಲಿ ಅರವತ್ತೈದು ಎಪ್ಪತ್ತಾಗುವುದುಂಟು. ಅದನ್ನು ಮೊದಲೇ ಊಹಿಸಿ ಫಿಲ್ಮನ್ನು ತೆಳುವಾಗಿ ಮಾಡಿರಬೇಕು.

ಇದನ್ನೆಲ್ಲ ಕೇಳಿಸಿಕೊಂಡು ಎರಡನೆಯ ಫಿಲ್ಮು ಮಾಡಿಸಿದೆ. ಅದೇ ಎರಡಂಗುಲದ ಮುಖ, ನಲವತ್ತು ಸಾಲು. ಈ ಸಲ ಅಲೆಗಳಿರಲಿಲ್ಲ. ಮುಖ ನಿರ್ಮಲವಾಗಿ ಬಂದಿತ್ತು. ಅಂಗಡಿಯ ಗೋಡೆಗೆ ಹಾಳೆಯನ್ನು ಸಿಕ್ಕಿಸಿ, “ಹಿಂದಕ್ಕೆ ಹೋಗಿ ನೋಡಿ” ಎಂದರು ಯಜಮಾನರು. ಬಾಗಿಲವರೆಗೆ ಹೋದೆ. ಏಳು ಅಡಿ ದೂರದಲ್ಲಿ ಚುಕ್ಕಿಗಳು ಅಡಗಿ ಮುಖ ಕೂಡಿಕೊಂಡಿತು. ಆದರೆ ಅದು ನುಣುಪು ಕೆನ್ನೆಯ, ಯಾರೋ ಸುಂದರಿಯಾದ ಗೃಹಿಣಿಯ ಮುಖ. ಅಮ್ಮನ ಕಲೆಗಳು ಇರಲಿಲ್ಲ.

ಯಾರೂ ಅಳಿಸಿರಲಿಲ್ಲ. ಎರಡಂಗುಲದ ಮುಖಕ್ಕೆ ಅಡ್ಡಲಾಗಿ ಇದ್ದದ್ದು ಎಂಬತ್ತು ಚುಕ್ಕಿ. ಒಂದು ಕಲೆಯ ಪಾಲಿಗೆ ಎರಡೂ ಬರುತ್ತಿರಲಿಲ್ಲ. ಚುಕ್ಕಿಗಿಂತ ಸಣ್ಣದಾದ ಸಂಗತಿಯನ್ನು ಚುಕ್ಕಿ ಹೇಗೆ ಹೊತ್ತೀತು? ಅಳತೆ ಒರಟಾದಾಗ ಸಣ್ಣದೆಲ್ಲ ಸರಾಸರಿಯಲ್ಲಿ ಮುಳುಗುತ್ತದೆ.

ಮನೆಯಲ್ಲಿ ಹಾಳೆಯನ್ನು ತೋರಿಸಿದಾಗ ನಮ್ಮ ಸೋದರಮಾವನವರಿಗೆ ಪರಮ ಸಂತೋಷವಾಯಿತು. “ಇನ್ನೇನು ಬೇಕೋ ನಿನಗೆ? ನಮ್ಮಕ್ಕ ಲಕ್ಷ್ಮಿ ಹಾಗೆ ಕಾಣ್ತಾಳೆ. ಜೀವವಿರೋ ತನಕ ಆ ಕಲೆಗೆ ನೊಂದುಕೊಂಡಳು. ಹೋಗಿದ್ದರೆ ಹೋಗಲಿ ಬಿಡು” ಎಂದರು. ಅವರು ಹೇಳಿದ್ದು ನಿಜ. ಹೆಣ್ಣು ನೋಡಲು ಬಂದ ಎಷ್ಟು ಮಂದಿ ಆ ಕೆನ್ನೆಯನ್ನು ಕಂಡು ಎದ್ದುಹೋದರೆಂಬುದನ್ನು ಕಂಡವರು ಅವರು, ನಾನಲ್ಲ. ನಾನು ಕಂಡದ್ದು, ಜ್ವರ ಬಂದ ರಾತ್ರಿಗಳಲ್ಲಿ ನನ್ನ ಮುಖಕ್ಕೆ ಮುಖ ತಾಗಿಸಿ ಕೂರುತ್ತಿದ್ದ ಅಮ್ಮನನ್ನು. ಕಲೆಯಿಲ್ಲದ ಮುಖವನ್ನು ಮುನ್ನೂರು ಮನೆಗೆ ಹಂಚಿದರೆ, ಮುಂದೆ ನಮ್ಮ ಮಕ್ಕಳ ಮಕ್ಕಳು ಯಾರನ್ನು ಅಜ್ಜಿಯೆಂದು ಕರೆದಾರು? ಇಬ್ಬರಲ್ಲಿ ಯಾರ ಮಾತು ನ್ಯಾಯವೆಂದು ನನಗೆ ಆಗ ಸ್ಪಷ್ಟವಿರಲಿಲ್ಲ. ಪೂರ್ತಿ ಸ್ಪಷ್ಟವಾಗಿದೆಯೆಂದು ಈಗಲೂ ಹೇಳಲಾರೆ.

ಮರುದಿನ ಅಂಗಡಿಗೆ ಹೋಗಿ ಇದನ್ನೆಲ್ಲ ಯಜಮಾನರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಮೊದಲನೆಯ ಫಿಲ್ಮನ್ನು ಕೇಳಿದರು, ನೂರು ಸಾಲಿನದನ್ನು. “ಚುಕ್ಕಿ ಸಣ್ಣದು ಮಾಡೋಕೆ ನನ್ನ ಕೈಲಾಗೋದಿಲ್ಲ ಮೇಷ್ಟ್ರೇ. ಮುಖ ದೊಡ್ಡದು ಮಾಡಬಹುದು” ಎಂದರು.

ಕೇಳುಗರೇ, ಈ ಒಂದು ಮಾತಿನಲ್ಲಿ ವಿದ್ಯೆಯ ಸಾರವೆಲ್ಲ ಇದೆ. ಮೊದಲನೆಯ ಫಿಲ್ಮಿನಲ್ಲಿ ಮುಖಕ್ಕೆ ಅಡ್ಡಲಾಗಿ ಇನ್ನೂರು ಚುಕ್ಕಿಗಳಿದ್ದವು. ಅದನ್ನು ಎರಡೂವರೆ ಪಾಲು ಹಿಗ್ಗಿಸಿದರೆ ಮುಖ ಐದಂಗುಲವಾಗುತ್ತದೆ. ನೂರು ಸಾಲು ನಲವತ್ತಾಗಿ ಅವರ ಬಟ್ಟೆಗೆ ಸರಿಹೋಗುತ್ತದೆ. ಆದರೆ ಚುಕ್ಕಿಗಳ ಸಂಖ್ಯೆ ಇನ್ನೂರಕ್ಕೆ ಇನ್ನೂರೇ. ಅಡ್ಡ ಇನ್ನೂರು, ಉದ್ದ ಇನ್ನೂರು ಎಂದುಕೊಂಡರೂ ನಲವತ್ತು ಸಾವಿರ. ಎರಡನೆಯ ಹಾಳೆಯಲ್ಲಿ ಅಷ್ಟೇ ಮುಖಕ್ಕೆ ಇದ್ದವು ಆರು ಸಾವಿರದ ನಾನೂರು. ಈಗ ಒಂದೊಂದು ಕಲೆಗೂ ನಾಲ್ಕೈದು ಚುಕ್ಕಿಗಳ ಅಗಲ ದೊರೆಯಿತು.

ಐದಂಗುಲದ ಮುಖವೆಂದರೆ ಮನುಷ್ಯರ ಮುಖದ ನಿಜವಾದ ಅಳತೆ. ಡೆಮಿ ಅಷ್ಟಕದ ರಕ್ಷಾಪತ್ರ ಅಂಚಿನಿಂದ ಅಂಚಿಗೆ ತುಂಬಿತು. ಪುಸ್ತಕದ ಹೆಸರಿಗೆ ಮುಂದೆ ಜಾಗವೇ ಉಳಿಯದೆ ಅದು ಹಿಂಬದಿಗೆ ಹೋಯಿತು. ಫಿಲ್ಮನ್ನು ವಾಲಿಸುವ ಕೋನವನ್ನು ಯಜಮಾನರು ಒಂದು ಮಧ್ಯಾಹ್ನವೆಲ್ಲ ಕುಳಿತು, ಬಟ್ಟೆಯ ಮೇಲೆ ಕೂದಲೆಳೆಯಷ್ಟು ತಿರುಗಿಸಿ ತಿರುಗಿಸಿ, ಅಲೆ ಅಡಗುವ ಎಡೆಯನ್ನು ಕಣ್ಣಿನಿಂದಲೇ ಹಿಡಿದರು. ಮಳೆಗಾಲದ ಬಿಸಿಲನ್ನು ನಂಬದೆ ಮೂರು ದಿನ ಕಾದು, ಮೋಡ ಸರಿದಾಗ ಬಾಯಲ್ಲಿ ಎಣಿಕೆ ಎಣಿಸುತ್ತ ಚೌಕಟ್ಟನ್ನು ಅಂಗಳಕ್ಕೆ ಹಿಡಿದರು. ಮುನ್ನೂರು ಹಾಳೆಗಳನ್ನೂ ತಾವೇ ಎಳೆದರು. ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಹಣವನ್ನು ಕೇಳಲಿಲ್ಲ.

ಪುಸ್ತಕವನ್ನು ಕೈಯಲ್ಲಿ ಹಿಡಿದರೆ ಚುಕ್ಕಿಗಳು ಒಂದೊಂದೂ ಕಾಣುತ್ತಿದ್ದವು. ಅದು ಬಡ ಮುದ್ರಣವೆಂದು ಯಾರಾದರೂ ಅಂದರೆ ನಾನು ಅಲ್ಲಗಳೆಯಲಾರೆ. ಅಲಮಾರಿನ ಮೇಲೆ ನಿಲ್ಲಿಸಿ ಏಳೆಂಟು ಅಡಿ ಹಿಂದಕ್ಕೆ ಹೋದರೆ ಅಮ್ಮ ಕುಳಿತಿದ್ದರು. ಸೋದರಮಾವನವರು ದೂರದಿಂದ ನೋಡಿ, ಏನೂ ಹೇಳದೆ, ಎರಡು ಪ್ರತಿಗಳನ್ನು ಚೀಲಕ್ಕೆ ಹಾಕಿಕೊಂಡರು.

ಅಮೆರಿಕದ ಚಿತ್ರಕಾರ ಆಂಡಿ ವಾರ್ಹಾಲ್ ೧೯೬೨ರಿಂದ ಪ್ರಸಿದ್ಧರ ಛಾಯಾಚಿತ್ರಗಳನ್ನು ಹೀಗೆಯೇ ಒರಟು ಚುಕ್ಕಿಗಳಲ್ಲಿ ಸ್ಕ್ರೀನ್ ಮಾಡಿ ಲೋಕವಿಖ್ಯಾತನಾದ. ಚುಕ್ಕಿ ಕಾಣಲೆಂಬುದೇ ಅವನ ಉದ್ದೇಶ. ನಮ್ಮ ಯಜಮಾನರ ಉದ್ದೇಶ ಅದಲ್ಲ. ಕಾಣಿಸುವ ಚುಕ್ಕಿಯನ್ನು ಅವರು ಬೆಲೆಯೆಂದು ತೆತ್ತರು. ಅದರಿಂದ ಕೊಂಡದ್ದು ಆ ಕಲೆಗಳನ್ನು.

ಈಗ ಕಾಲ ಬದಲಾಗಿದೆ. ಚಿತ್ರವನ್ನು ಒಡೆಯುವ ಕೆಲಸವನ್ನು ಗಣಕಯಂತ್ರ ವಹಿಸಿಕೊಂಡಿದೆ. ಚುಕ್ಕಿಗಳ ಗಾತ್ರವನ್ನು ಬದಲಿಸುವುದಕ್ಕೆ ಬದಲಾಗಿ, ಒಂದೇ ಗಾತ್ರದ ಕಣಗಳನ್ನು ಎಳ್ಳಿನಂತೆ ಚೆದುರಿಸಿ ಅವುಗಳ ದಟ್ಟಣೆಯನ್ನು ಬದಲಿಸುವ ಕ್ರಮವೂ ಬಂದಿದೆ. ಸಾಲುಗಳೇ ಇಲ್ಲದಿರುವುದರಿಂದ ಅಲ್ಲಿ ಅಲೆಗಳ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಬಣ್ಣದ ಚಿತ್ರಕ್ಕೆ ನಾಲ್ಕು ಬಣ್ಣದ ನಾಲ್ಕು ಚುಕ್ಕಿಬಲೆಗಳನ್ನು ನಾಲ್ಕು ಕೋನಗಳಲ್ಲಿ ಕೂಡಿಸುವ ಲೆಕ್ಕವನ್ನೂ ಯಂತ್ರವೇ ಮಾಡುತ್ತದೆ. ಆದರೆ ಬಟ್ಟೆಯ ಎಳೆ ಎಳೆಯೇ. ಸ್ಕ್ರೀನ್ ಪ್ರಿಂಟಿಂಗ್ ಮಾಡುವ ಹುಡುಗರು ಇಂದಿಗೂ ಎಳೆಗೂ ಸಾಲಿಗೂ ಹೊಂದಿಕೆ ನೋಡಬೇಕು. ಫೋನಿನ ಪರದೆಯಲ್ಲಿ ಮುಖದ ಕಲೆಯನ್ನು ಬೆರಳಿನಿಂದ ಒರೆಸಿ ತೆಗೆಯುವ ಸೌಕರ್ಯ ಎಲ್ಲರಿಗೂ ಬಂದಿರುವಾಗ, ಯಾವುದನ್ನು ಉಳಿಸಬೇಕು ಯಾವುದನ್ನು ಬಿಡಬೇಕೆಂಬ ಪ್ರಶ್ನೆ ಅಚ್ಚುಕೂಟವನ್ನು ದಾಟಿ ನಮ್ಮೆಲ್ಲರ ಕೈಗೆ ಬಂದಿದೆ.

ಮುಂದಿನ ಸಲ ಜಗನ್ಮೋಹನ ಅರಮನೆಗೆ ಹೋದಾಗ ಆ ದೀಪದ ಚಿತ್ರವನ್ನು ನೋಡಿ. ಅನಂತರ ಅದರ ಅಚ್ಚಾದ ಪ್ರತಿಯೊಂದು ಸಿಕ್ಕರೆ ಭೂತಗನ್ನಡಿಯಲ್ಲಿ ನೋಡಿ. ಬೆರಳ ಸಂದಿಯ ಆ ಕೆಂಪು ಎಷ್ಟು ಬಂದಿದೆ, ಎಷ್ಟು ಬಂದಿಲ್ಲ ಎಂಬುದು ಗೊತ್ತಾಗುತ್ತದೆ. ಬಂದಿರುವಷ್ಟನ್ನು ತಂದವರ ಶ್ರಮವೂ ಗೊತ್ತಾಗುತ್ತದೆ.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಹಾಡುಗಳನ್ನು ಬರೆದಿಟ್ಟಿದ್ದ ನನ್ನ ಅಕ್ಕನಿಗೆ ಆ ವೇಳೆಗೆ ಕಣ್ಣು ಮಂಜಾಗಿತ್ತು. ಪುಸ್ತಕವನ್ನು ಅವಳ ಕೈಗಿಟ್ಟೆ. ಹತ್ತಿರ ಹಿಡಿದಳು, ದೂರ ಹಿಡಿದಳು. ಏನೂ ಸರಿಯಾಗಿ ಕಾಣಲಿಲ್ಲ. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಬಣ್ಣ ದಪ್ಪವಾಗಿ ಕೂರುತ್ತದೆ. ಒಣಗಿದ ಮೇಲೆ ಬೆರಳಿಗೆ ಸಿಗುತ್ತದೆ. ಅಕ್ಕ ರಕ್ಷಾಪತ್ರದ ಮೇಲೆ ಬೆರಳಾಡಿಸಿದಳು. ಬೆರಳು ಒಂದು ಕಡೆ ನಿಂತಿತು.

“ಅಮ್ಮನ ಕೆನ್ನೆ ಹೀಗೇ ಇತ್ತು ಕಣೋ” ಎಂದಳು.

ಬೆರಳಿಗೆ ಸಿಕ್ಕದ್ದು ಚುಕ್ಕಿಗಳೆಂದು ನಾನು ಅವಳಿಗೆ ಹೇಳಲಿಲ್ಲ.